ಸನ್ಮಾನಕ್ಕೆ ಕರೆಯುತ್ತೀರಿ, ಕೆಲಸಕ್ಕೂ ಕರೆಯಿರಿ

ನಾಟಕ, ಸಂಗೀತ, ಸಾಹಿತ್ಯದ ಕಾರ್ಯಕ್ರಮ ನಡೆಸುವ ಸಂಘಗಳ ಹಿರಿಯರಿಗೆ, ಜಾತ್ರಾ ಸಮಿತಿಯವರಿಗೆ, ಟಿಕೆಟ್ ತಗೊಂಡು ಎದುರಿಗೆ ಕೂಡುವ ಎಲ್ಲರಿಗೂ,

ಶರಣು ಶರಣಾರ್ಥಿ.

ನಾನು ಬಣ್ಣ ಹಚ್ಚುವವನು. ಕಂಪನಿ ನಾಟಕ, ಕಾಲೇಜು ನಾಟಕ, ಹವ್ಯಾಸಿ ತಂಡ, ಊರ ಜಾತ್ರೆಯ ಸಾಮಾಜಿಕ ನಾಟಕ ಅಂತ ಕರೆದಲ್ಲಿಗೆ ಪೆಟ್ಟಿಗೆ ಹೊತ್ತುಕೊಂಡು ಹೋಗತೊಡಗಿ 28 ವರ್ಷ ಆಯಿತು. ಬಣ್ಣ ಹಚ್ಚಿದ ಮುಖವನ್ನು ನೀವು ಬೆಳಕಿನಲ್ಲಿ ನೋಡುತ್ತೀರಿ. ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಸವರಿ, ಹಳೇ ಧೋತರದ ತುಂಡಿನಿಂದ ಒರೆಸುವಾಗ ಕೆಳಗಿನಿಂದ ಬರುವ ಮುಖ ನನ್ನಂಥವರಿಗಷ್ಟೇ ಕಾಣುತ್ತದೆ. ಆ ಮುಖದ ಬಗ್ಗೆ ನಿಮಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಈಗ ಬರೆಯುತ್ತಿದ್ದೇನೆ, ಯಾಕೆಂದರೆ ಇದರಲ್ಲಿ ನನ್ನದೂ ಒಂದು ತಪ್ಪಿದೆ. ಅದನ್ನು ಒಪ್ಪಿಕೊಳ್ಳದೆ ನಿಮಗೆ ಏನನ್ನೂ ಕೇಳುವ ಹಕ್ಕು ನನಗಿಲ್ಲ.

ಗೆದ್ದ ರಾತ್ರಿಯಾಗಲಿ, ಸೋತ ರಾತ್ರಿಯಾಗಲಿ, ಎಣ್ಣೆಯ ಕೆಳಗಿನ ಮುಖ ಹೆಚ್ಚುಕಡಿಮೆ ಒಂದೇ. ದಣಿದಿರುತ್ತದೆ. ಯಾರನ್ನೋ ಏನೋ ಕೇಳಬೇಕು ಅಂತಿರುತ್ತದೆ. ಫರಕು ಬೀಳುವುದು ಗ್ರೀನ್ ರೂಮಿನ ಬಾಗಿಲು ತೆರೆದಾಗ. ಗೆದ್ದ ರಾತ್ರಿ ಬಾಗಿಲಲ್ಲಿ ನೂಕುನುಗ್ಗಲು, ಹೆಗಲ ಮೇಲೆ ಕೈ ಹಾಕಿ ಫೋಟೊ. ಸೋತ ರಾತ್ರಿ ಹೊರಗೆ ಒಬ್ಬ ಆಟೋದವನು ಬಿಟ್ಟರೆ ಯಾರೂ ಇಲ್ಲ. ಒಳಗಿರುವವರು ಮಾಡಿದ ಕೆಲಸದ ಬಗ್ಗೆ, ಅದು ಎಲ್ಲಿ ಮುಟ್ಟಿತು, ಎಲ್ಲಿ ತಪ್ಪಿತು ಅನ್ನುವುದರ ಬಗ್ಗೆ, ಎರಡೂ ರಾತ್ರಿ ಒಂದು ಮಾತೂ ಆಗುವುದಿಲ್ಲ.

ಗೆಲುವಿನಿಂದಲೇ ಶುರು ಮಾಡುತ್ತೇನೆ. ಸೋಲು ಕಲಾವಿದರನ್ನು ಹಾಳು ಮಾಡುತ್ತದೆ ಅಂತ ಎಲ್ಲರೂ ಒಪ್ಪುತ್ತಾರೆ. ಗೆಲುವೂ ಹಾಳು ಮಾಡುತ್ತದೆ ಅಂದರೆ ನಂಬುವವರು ಕಡಿಮೆ.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ನಿಮಗೆ ಗೊತ್ತು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಎಷ್ಟೋ ದಿನ ನಾಟಕ ಕಂಪನಿಗಳ ತಗಡಿನ ಥಿಯೇಟರುಗಳು ಸಾಲಾಗಿ ನಿಂತಿರುತ್ತವೆ. ರಾತ್ರಿಗೆ ಒಂದು ಆಟವಲ್ಲ, ಒಂದರ ಬೆನ್ನಿಗೆ ಒಂದು. ಆ ಜಾತ್ರೆಯ ಕಲೆಕ್ಷನ್ ಚೆನ್ನಾಗಿ ಆದರೆ ಕಂಪನಿಯ ವರ್ಷ ದಾಟಿದ ಹಾಗೆ. ಕೊರೋನಾ ಕಾಲದಲ್ಲಿ ಜಾತ್ರೆ ನಿಂತಾಗ ಎಷ್ಟು ಮನೆಯ ಒಲೆ ಆರಿದವು ಅನ್ನುವುದನ್ನು ಆ ಬಯಲಿನಲ್ಲಿ ಬದುಕಿದವರನ್ನೇ ಕೇಳಬೇಕು. ಅಂಥ ಒಂದು ಕ್ಯಾಂಪಿನಲ್ಲಿ ಒಬ್ಬ ಹಾಸ್ಯ ಕಲಾವಿದನಿಗೆ ನಾನು ಎಂಟು ವರ್ಷ ಮೀಸೆ ಬರೆದಿದ್ದೇನೆ. ಹೆಸರು ಬೇಡ. ಅವನು ಬಾಗಿಲಿನಿಂದ ಒಂದು ಥರ ವಾಲಿಕೊಂಡು ಬಂದು ಒಂದು ಮಾತು ಅಂದರೆ ಸಾಕು, ತಗಡು ಹಾರಿಹೋಗುವಂಥ ಸಿಳ್ಳೆ. ಮೊದಲ ವರ್ಷ ಆ ಮಾತನ್ನು ಅವನು ಆಟದಲ್ಲಿ ಒಂದು ಸಲ ಹೇಳುತ್ತಿದ್ದ. ಮೂರನೇ ವರ್ಷಕ್ಕೆ ಐದು ಸಲ. ಆಮೇಲೆ ಅವನಿಗಾಗಿಯೇ ಬರೆದ ಹೊಸ ನಾಟಕಗಳಲ್ಲೂ ಅದೇ ಮಾತು, ಅದೇ ವಾಲುವಿಕೆ. ಎರಡನೇ ಆಟದ ಹೊತ್ತಿಗೆ ಗಂಟಲು ಕಟ್ಟಿರುತ್ತಿತ್ತು. ಜೇಷ್ಠಮಧು ಅಗಿಯುತ್ತ, ಕಣ್ಣು ಮುಚ್ಚಿಕೊಂಡು ಮುಖ ಕೊಡುತ್ತಿದ್ದ.

ಒಂದು ವರ್ಷ ಅವನು ಮಾಲೀಕರ ಕಾಲು ಹಿಡಿದು ಒಂದು ಬೇರೆ ಪಾತ್ರ ಕೇಳಿದ. ಸಾಲಕ್ಕೆ ಹೊಲ ಕಳಕೊಂಡ ಅಪ್ಪನ ಪಾತ್ರ. ಹದಿನೈದು ದಿನ ತಾಲೀಮು ಮಾಡಿದ್ದನ್ನು ನಾನು ನೋಡಿದ್ದೇನೆ. ಬಹಳ ಚೆನ್ನಾಗಿ ಮಾಡಿದ್ದ, ಇದನ್ನು ಸ್ನೇಹಕ್ಕಾಗಿ ಹೇಳುತ್ತಿಲ್ಲ. ಆವತ್ತು ರಾತ್ರಿ ಹೊಲದ ಕಾಗದ ಕೈಯಲ್ಲಿ ಹಿಡಿದು ಅವನು ಅಳತೊಡಗಿದ. ಜನ ನಕ್ಕರು. ಅವನು ಇನ್ನೂ ಅತ್ತ, ಜನ ಇನ್ನೂ ನಕ್ಕರು. ಹಿಂದಿನಿಂದ ಯಾರೋ ಆ ಹಳೇ ಮಾತನ್ನು ಕೂಗಿ ಕೇಳಿದರು. ಅವನು ಹೇಳಿದ. ಹೊಲದ ಕಾಗದ ಕೈಯಲ್ಲಿ ಇದ್ದಂತೆಯೇ ಆ ಮಾತು ಹೇಳಿದ, ಸಿಳ್ಳೆ ಬಿತ್ತು. ಒಳಗೆ ಬಂದವನು ಕನ್ನಡಿ ಮುಂದೆ ಕೂತು, “ಅವರ ತಪ್ಪಲ್ರಿ ಅಣ್ಣಾ, ನನ್ನ ನೋಡಿದ ಕೂಡ್ಲೆ ಅವರಿಗೆ ನಗು ಬರತೈತಿ” ಅಂದ. ಮರುದಿನದಿಂದ ಮತ್ತೆ ಹಳೇ ಪಾತ್ರ. ಈಗ ಅವನಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಆದರೂ ವಾಲಿಕೊಂಡೇ ಬರಬೇಕು.

ಅವನು ನೆನಪಾದಾಗಲೆಲ್ಲ ಕೆ.ಎಸ್. ನರಸಿಂಹಸ್ವಾಮಿಯವರೂ ನನಗೆ ನೆನಪಾಗುತ್ತಾರೆ. ಎಲ್ಲಿಯ ಕಂಪನಿ ಹಾಸ್ಯಗಾರ, ಎಲ್ಲಿಯ ಮಹಾಕವಿ ಅಂತ ಕೇಳಬೇಡಿ, ಸಂಕಟ ಒಂದೇ ಜಾತಿಯದು. ‘ಮೈಸೂರ ಮಲ್ಲಿಗೆ’ ಬಂದದ್ದು 1942ರಲ್ಲಿ, ಕವಿಗೆ ಆಗ 27. ತೀರಿಕೊಂಡದ್ದು 2003ರಲ್ಲಿ. ನಡುವಿನ 61 ವರ್ಷ ಅವರು ಮಲ್ಲಿಗೆಯ ನೆರಳಲ್ಲಿ ಸುಮ್ಮನೆ ಕೂಡಲಿಲ್ಲ. 1958ರ ‘ಶಿಲಾಲತೆ’ಯಲ್ಲಿ ತಮ್ಮ ದಾರಿಯನ್ನೇ ಬದಲಿಸಿದರು. ಮುಂದೆ ‘ತೆರೆದ ಬಾಗಿಲು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಮಲ್ಲಿ ಎಷ್ಟು ಜನ ‘ಶಿಲಾಲತೆ’ ತೆರೆದು ನೋಡಿದ್ದೀರಿ? ನಾನು ತೆರೆದದ್ದು ನಲವತ್ತು ದಾಟಿದ ಮೇಲೆ. ಒಂದು ಗೀತಗಾಯನ ಕಾರ್ಯಕ್ರಮದಲ್ಲಿ ಬಣ್ಣದ ಕೆಲಸಕ್ಕೆ ಹೋಗಿದ್ದಾಗ ಒಬ್ಬ ಹುಡುಗಿ ರಂಗದ ಪಕ್ಕದ ಮರೆಯಲ್ಲಿ, ವಿಂಗ್‌ನಲ್ಲಿ ಕೂತು ಅದನ್ನು ಓದುತ್ತಿದ್ದಳು, ಅವಳಿಂದ ಇಸಕೊಂಡೆ. ಆ ಸಂಜೆ ವೇದಿಕೆಯ ಮೇಲೆ ಹಾಡಿದ್ದೆಲ್ಲ ಮಲ್ಲಿಗೆಯ ಹಾಡುಗಳೇ. 27ನೇ ವಯಸ್ಸಿನ ಒಬ್ಬ ಮನುಷ್ಯನನ್ನು ನಾವು ಎತ್ತಿ ಮುದ್ದಾಡಿದೆವು, 43ರ ಮನುಷ್ಯ ಅದೇ ಬಾಗಿಲಲ್ಲಿ ಹೊಸ ಪುಸ್ತಕ ಹಿಡಿದು ನಿಂತಾಗ ಅವರ ಹೆಗಲ ಮೇಲಿಂದ ಹಿಂದಕ್ಕೆ ನೋಡಿ, ಆ ಹುಡುಗ ಎಲ್ಲಿ ಅಂತ ಕೇಳಿದೆವು. ಅವರು ದೊಡ್ಡವರು, ಬರೆಯುವುದನ್ನು ನಿಲ್ಲಿಸಲಿಲ್ಲ. ಎಲ್ಲರೂ ಅಷ್ಟು ಗಟ್ಟಿ ಇರುವುದಿಲ್ಲ.

ಸಿನೆಮಾದಲ್ಲೂ ನೋಡಿ. ‘ಚೋಮನ ದುಡಿ’ಯ ಚೋಮನಾಗಿ ಎಂ.ವಿ. ವಾಸುದೇವರಾಯರು ರಾಷ್ಟ್ರ ಪ್ರಶಸ್ತಿ ಪಡೆದರು. ಆ ಮುಖ ಮರೆಯಲಿಕ್ಕೆ ಆಗುತ್ತದೆಯೇ? ಆಮೇಲೆ ಅವರನ್ನು ನಾವು ಹೆಚ್ಚಾಗಿ ಕಂಡದ್ದು ಸಣ್ಣ ಸಣ್ಣ ಪಾತ್ರಗಳಲ್ಲಿ.

ಈಗ ನನ್ನ ತಪ್ಪಿನ ವಿಷಯ.

ಸುಮಾರು ಹದಿನಾಲ್ಕು ವರ್ಷದ ಹಿಂದೆ ನಮ್ಮ ಭಾಗದ ಒಬ್ಬ ಹುಡುಗ ಒಂದು ನಾಟಕ ಬರೆದ. ಹಳ್ಳಿಯ ಚುನಾವಣೆಯ ಕಥೆ, ನಕ್ಕು ನಕ್ಕು ಹೊಟ್ಟೆ ಹುಣ್ಣಾಗುವಂಥದ್ದು. ಎಲ್ಲಿ ಆಡಿದರೂ ತುಂಬಿದ ಸಭಾಗೃಹ. ಪೇಪರಿನಲ್ಲಿ ಫೋಟೊ ಬಂತು, ಊರೂರಿನಲ್ಲಿ ಶಾಲು ಹೊದಿಸಿದರು. ಎರಡು ವರ್ಷ ಬಿಟ್ಟು ಅವನು ಎರಡನೇ ನಾಟಕ ತಂದ. ಖಣ, ಅಂದರೆ ಕುಪ್ಪಸದ ಬಟ್ಟೆ ನೇಯುವ ಒಂದು ಮನೆಯ ಕಥೆ. ಗುಳೇದಗುಡ್ಡದಲ್ಲಿ ಅವನ ಸೋದರಮಾವನ ಮನೆ ಇತ್ತು, ರಜೆಯಲ್ಲಿ ಅಲ್ಲೇ ಬೆಳೆದವನು. ರಂಗದ ಮೇಲೆ ಒಂದು ಕುಣಿಮಗ್ಗ, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು, ಅದರ ಹತ್ತಿರ ಕಣ್ಣು ಹೋದ ಒಬ್ಬ ಮುದುಕ. ಮಗ ನೇಯುತ್ತಾನೆ. ಮುದುಕ ಇಡೀ ನಾಟಕದಲ್ಲಿ ಮಗ್ಗಕ್ಕೆ ಬೆನ್ನು ಹಾಕಿ ಕೂತಿರುತ್ತಾನೆ. ನಗು ಇಲ್ಲ, ಹಾಡು ಇಲ್ಲ, ಮಗ್ಗದ ಸದ್ದು ಮಾತ್ರ.

ಆ ಮುದುಕನ ಗಡ್ಡ ಕಟ್ಟಿದ್ದು ನಾನು. ಕ್ರೇಪ್ ಕೂದಲನ್ನು ಸ್ವಲ್ಪ ಸ್ವಲ್ಪ ಬಿಡಿಸಿ, ಬಿಳಿಯಲ್ಲಿ ನಾಲ್ಕು ಎಳೆ ಹಳದಿ ಬೆರೆಸಿ, ಸ್ಪಿರಿಟ್ ಗಮ್ಮಿನಿಂದ ಗದ್ದಕ್ಕೆ ಅಂಟಿಸಲು ಒಂದು ತಾಸು ಹಿಡಿದಿತ್ತು. ನಾಟಕದ ಮೂರನೇ ದೃಶ್ಯದಲ್ಲಿ ಮಗ ಮನೆ ಮಾರುವ ಮಾತು ಆಡುತ್ತ ನೇಯುತ್ತಿರುತ್ತಾನೆ. ಮಾತಿನ ನಡುವೆ ಮುದುಕ ಕೈ ಎತ್ತುತ್ತಾನೆ. “ಎಳಿ ಹರದೈತಿ, ನಿಲ್ಸು” ಅಂತಾನೆ. ಮಗ ಬಗ್ಗಿ ನೋಡುತ್ತಾನೆ, ನಿಜವಾಗಿಯೂ ಒಂದು ಎಳೆ ಕಡಿದಿದೆ. ಸದ್ದಿನಲ್ಲೇ ಅವನಿಗೆ ತಿಳಿದಿತ್ತು. ಮಗ್ಗ ನಿಂತಾಗ ಬಂದ ಆ ನಿಶ್ಶಬ್ದವನ್ನು ನಾನು ವಿಂಗ್‌ನಲ್ಲಿ ನಿಂತು ಕೇಳಿದ್ದೇನೆ. ನನ್ನ ಕೈಯಲ್ಲಿ ಗಮ್ಮಿನ ಕುಂಚ ಇತ್ತು, ಅದು ಒಣಗಿಹೋದದ್ದೂ ಗೊತ್ತಾಗಲಿಲ್ಲ.

ಸಭಾಗೃಹದಲ್ಲಿ ಮೊದಲಿಗೆ ಅರವತ್ತು ಎಪ್ಪತ್ತು ಜನ ಇದ್ದರು. ಮೊದಲ ನಾಟಕದ ನಗು ನೆನಪಿಟ್ಟುಕೊಂಡು ಬಂದವರು. ವಿರಾಮದ ನಂತರ ಇಪ್ಪತ್ತು ಉಳಿದರು. ಆಟ ಮುಗಿದ ಮೇಲೆ ಹುಡುಗ ಒಳಗೆ ಬಂದು ಟ್ರಂಕಿನ ಮೇಲೆ ಕೂತ. ನಾನು ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಮುದುಕನ ಗಡ್ಡ ಬಿಡಿಸುತ್ತಿದ್ದೆ. ಸುಮಾರು ಹೊತ್ತು ಆದ ಮೇಲೆ, “ಹೆಂಗಿತ್ರಿ ಅಣ್ಣಾ?” ಅಂದ.

ನಾನು ತಿರುಗಿ ನೋಡದೆ, “ಮೊದಲನೇದರ ಹಂಗ ಆಗಲಿಲ್ಲ ಬಿಡು” ಅಂದೆ.

ಅಷ್ಟೇ. ಆ ಎಳೆಯ ಮಾತು ಹೇಳಲಿಲ್ಲ. ಕುಂಚ ಒಣಗಿದ್ದು ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಕೆಲಸದ ದುಡ್ಡು ಬರುತ್ತೋ ಇಲ್ಲವೋ ಅನ್ನುವ ಚಿಂತೆ ಇತ್ತು, ಹಾಗಂತ ನೆಪ ಹೇಳಬಹುದು. ಅವನು “ಹೌದ್ರಿ” ಅಂತ ಎದ್ದುಹೋದ. ಮೂರನೇ ನಾಟಕ ಬರಲಿಲ್ಲ. ಅವನನ್ನು ಕರೆಕರೆದು ಶಾಲು ಹೊದಿಸಿದ ಸಂಘಗಳಲ್ಲಿ ಒಂದೂ, ಮುಂದೆ ಏನು ಬರೆಯುತ್ತಿದ್ದಿ ಅಂತ ಕೇಳಲಿಲ್ಲ. ಈಗ ಅವನು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಹೆಂಡತಿ, ಎರಡು ಮಕ್ಕಳು, ಬದುಕು ಚೆನ್ನಾಗಿಯೇ ಇದೆ. ಬದುಕು ಕೆಟ್ಟಿತು ಅಂತ ನಾನು ಹೇಳುತ್ತಿಲ್ಲ. ಸದ್ದಿನಲ್ಲೇ ಎಳೆ ಕಡಿದದ್ದನ್ನು ತಿಳಿಯುವ ಮುದುಕನನ್ನು ಕಂಡಿದ್ದ ಕಣ್ಣು ಆಮೇಲೆ ಏನೇನು ಕಂಡಿತೋ, ಅದು ಕನ್ನಡಕ್ಕೆ ಸಿಗಲಿಲ್ಲ ಅಂತ ಹೇಳುತ್ತಿದ್ದೇನೆ.

ಒಂದು ಕೃತಿ ಸೋಲುವುದು ಬೇರೆ, ಅದನ್ನು ಮಾಡಿದ ಮನುಷ್ಯ ಸೋಲುವುದು ಬೇರೆ. ಅವನ ನಾಟಕದಲ್ಲಿ ದೋಷಗಳಿದ್ದವು. ಎರಡನೇ ಅಂಕ ಜಗ್ಗಿತ್ತು, ಮಗಳ ಪಾತ್ರ ಅರ್ಧಕ್ಕೇ ಬಿಟ್ಟುಹೋಗಿತ್ತು. ಯಾರಾದರೂ ಕೂತು ಹೇಳಿದ್ದರೆ ಸರಿ ಮಾಡುತ್ತಿದ್ದ, ಇಲ್ಲವೇ ಜಗಳ ಆಡುತ್ತಿದ್ದ. ಜಗಳ ಆಡಿದ್ದರೂ ಬರೆಯುತ್ತಿದ್ದ. ಅವನಿಗೆ ಸಿಕ್ಕಿದ್ದು ಬೈಗುಳವೂ ಅಲ್ಲ, ಮೌನ. ಬೈಸಿಕೊಂಡ ಕಲಾವಿದರು ಎದ್ದು ನಿಂತದ್ದನ್ನು ನಾನು ಬಹಳ ನೋಡಿದ್ದೇನೆ. ಮೌನದಿಂದ ಎದ್ದವರನ್ನು ನೋಡಿದ್ದು ಕಡಿಮೆ.

ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಮಾತು ಬೇರೆ. ಎಳೆ ವಯಸ್ಸಿನಲ್ಲಿ ಅವರದು ಸಣ್ಣ, ಇಂಪಾದ ಕಂಠ. ಹಳೇ ಗ್ರಾಮಾಫೋನ್ ತಟ್ಟೆಗಳಲ್ಲಿ ಅದು ಉಳಿದಿದೆ. ಆಮೇಲೆ ಟಾನ್ಸಿಲ್ ಶಸ್ತ್ರಚಿಕಿತ್ಸೆ ಆಗಿ ದನಿ ಗಡುಸಾಯಿತು, ಗಂಡು ದನಿಯ ಹಾಗೆ. ಹಾಡುವವರಿಗೆ ಇದಕ್ಕಿಂತ ದೊಡ್ಡ ಆಘಾತ ಇದೆಯೇ? ಅವರು ಹಳೇ ದನಿಯನ್ನು ಹುಡುಕುತ್ತ ಕೂಡಲಿಲ್ಲ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಗುರು ಸವಾಯಿ ಗಂಧರ್ವರಿಂದ ಕಲಿತ ಗಾಯನವನ್ನು ಆ ಹೊಸ ದನಿಯಲ್ಲೇ ಕಟ್ಟಿದರು. ಜನವೂ ಆ ದನಿಯನ್ನು ಕೇಳಲು ಕಲಿತರು. ಕೇಳುಗರ ಈ ಪಾಲನ್ನು ನಾವು ಮರೆಯುತ್ತೇವೆ. ಮೊದಲಿನ ಹಾಗೆ ಇಲ್ಲ ಅಂತ ಎದ್ದುಹೋಗದೆ, ಈಗ ಹೇಗಿದೆ ಅಂತ ಕೂತು ಕೇಳುವವರು ಇದ್ದರೆ ಮಾತ್ರ ಒಡೆದ ದನಿ ಇನ್ನೊಂದು ದನಿಯಾಗುತ್ತದೆ.

ಇನ್ನೊಂದು ಮಾತು, ಹೊಟ್ಟೆಯದು. ಧಾರವಾಡದ ಹಿರಿಯರನ್ನು ನೋಡಿ. ಗಾಯಕ ಮಲ್ಲಿಕಾರ್ಜುನ ಮನ್ಸೂರರಿಗೆ ಪದ್ಮಶ್ರೀ ಬಂದದ್ದು 1970ರಲ್ಲಿ, 60ರ ಅಂಚಿನಲ್ಲಿ. ಪದ್ಮವಿಭೂಷಣ 1992ರಲ್ಲಿ, ತೀರಿಕೊಂಡ ವರ್ಷವೇ. ದೇಶ ತಿರುಗಿ ನೋಡುವ ತನಕ ಅವರು ಹಾಡುತ್ತಲೇ ಇದ್ದರಲ್ಲ, ಅದಕ್ಕೆ ಅವರ ಶ್ರದ್ಧೆ ದೊಡ್ಡ ಕಾರಣ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಧಾರವಾಡ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರ ಕೆಲಸವೂ ಇತ್ತು. ಬೇಂದ್ರೆಯವರನ್ನು 1932ರಲ್ಲಿ ‘ನರಬಲಿ’ ಕವಿತೆಗಾಗಿ ಬ್ರಿಟಿಷರು ಜೈಲಿಗೆ ಹಾಕಿದರು. ಕೆಲಸ ಹೋಯಿತು, ಎಷ್ಟೋ ವರ್ಷ ನೆಲೆ ಇಲ್ಲದೆ ಅಲೆದರು. 1944ರಲ್ಲಿ ಸೊಲ್ಲಾಪುರದ ಕಾಲೇಜಿನಲ್ಲಿ ಕಾಯಂ ಕೆಲಸ ಸಿಕ್ಕಿತು, ನಿವೃತ್ತಿಯ ನಂತರ ಅವರನ್ನೂ ಆಕಾಶವಾಣಿ ಕರೆಯಿತು. ನರಸಿಂಹಸ್ವಾಮಿಯವರು ಸರಕಾರಿ ನೌಕರರು. ಸೋಲನ್ನು ತಾಳಿಕೊಳ್ಳಲು ಧೈರ್ಯ ಬೇಕು ಅನ್ನುತ್ತಾರೆ. ಧೈರ್ಯಕ್ಕಿಂತ ಮೊದಲು ತಿಂಗಳ ರೇಷನ್ ಬೇಕು. ಈ ವಾರದ ಆಟ ಬಿದ್ದರೆ ಮನೆಗೆ ಜೋಳ ಇಲ್ಲ ಅನ್ನುವ ನಟನಿಗೆ ಹೊಸ ಪಾತ್ರ ಹಿಡಿ, ಹೊಸ ಪ್ರಯೋಗ ಮಾಡು ಅಂತ ಹೇಳುವುದು ನ್ಯಾಯವಲ್ಲ. ಆ ಹಾಸ್ಯ ಕಲಾವಿದ ಹಳೇ ಮಾತಿಗೆ ಮರಳಿದ್ದು ಅಂಜಿಕೆಯಿಂದಲ್ಲ, ಮಗಳ ಫೀ ಕಟ್ಟಬೇಕಿತ್ತು.

ಈಗಿನ ಮಕ್ಕಳ ಪಾಡು ಇನ್ನೂ ಕಷ್ಟ. ನಮ್ಮ ಓಣಿಯ ಒಂದು ಹುಡುಗಿ, ಒಂಬತ್ತನೇ ಈಯತ್ತೆ, ಒಂದು ಜನಪದ ಹಾಡು ಹಾಡಿದ್ದನ್ನು ಅವಳ ಮಾಮಾ ಮೊಬೈಲಿನಲ್ಲಿ ಹಾಕಿದ. ಲಕ್ಷಗಟ್ಟಲೆ ಜನ ನೋಡಿದರು. ಮುಂದಿನ ಹಾಡನ್ನು ನಾಲ್ಕು ಸಾವಿರ ಜನ ನೋಡಿದರು. ನಾಲ್ಕು ಸಾವಿರ ಜನ! ಗುಬ್ಬಿ ವೀರಣ್ಣನವರ ಕಾಲದ ಕಲಾವಿದರಿಗೆ ಒಂದೇ ರಾತ್ರಿ ನಾಲ್ಕು ಸಾವಿರ ಜನ ಸಿಕ್ಕಿದ್ದರೆ ಅದು ಹಬ್ಬ. ಈ ಹುಡುಗಿ ಅದನ್ನು ಸೋಲು ಅಂದುಕೊಂಡು ಎರಡು ದಿನ ಊಟ ಬಿಟ್ಟಳು. ಗಂಟೆಗೊಂದು ಸಲ ಫೋನ್ ತೆಗೆದು ಅಂಕಿ ನೋಡುತ್ತಾಳೆ. ತಾಯಂದಿರೇ, ತಂದೆಯರೇ, ಆ ಫೋನನ್ನು ಸ್ವಲ್ಪ ದಿನ ನೀವು ಇಟ್ಟುಕೊಳ್ಳಿ. ಮಗುವಿಗೆ ಹಾಡು ಕಲಿಸಿ, ಎಣಿಕೆ ಆಮೇಲೆ.

ಈಗ ಸಂಘಟಕರಿಗೆ ನನ್ನ ಬಿನ್ನಹ. ರಾಜ್ಯೋತ್ಸವ ಪ್ರಶಸ್ತಿಯನ್ನು ಈಗ ಎಷ್ಟನೇ ರಾಜ್ಯೋತ್ಸವವೋ ಅಷ್ಟು ಜನರಿಗೆ ಕೊಡುವ ಪದ್ಧತಿ ಇದೆ. 2024ರಲ್ಲಿ 69 ಮಂದಿಗೆ ಬಂತು. ಸಂತೋಷ. ಅದರ ಜೊತೆಗೆ ಊರೂರಿನ ಸಂಘಗಳು ಕೊಡುವ ಶಾಲು, ಪೇಟ, ಹಣ್ಣಿನ ಬುಟ್ಟಿಗೆ ಲೆಕ್ಕವೇ ಇಲ್ಲ. ನಾನು ಬಣ್ಣ ಹಚ್ಚಿದ ಒಬ್ಬ ಹಿರಿಯ ಕಲಾವಿದೆಯ ಮನೆಯಲ್ಲಿ ಶಾಲುಗಳನ್ನು ಜೋಡಿಸಿ ಹೊಲಿದು ಕೌದಿ ಮಾಡಿಕೊಂಡಿದ್ದಾರೆ. ತೋರಿಸುತ್ತ, “ಹದಿನಾಲ್ಕು ಅದಾವು ನೋಡಪಾ. ಇವರೊಳಗ ಒಬ್ಬರರೆ ಒಂದು ಪಾತ್ರ ಮಾಡ್ರಿ ಅಂತ ಕರದಿದ್ದರ!” ಅಂದರು. ಅವರಿಗೆ 67. ಮಾತು ಇನ್ನೂ ಗಂಟೆ ಬಾರಿಸಿದ ಹಾಗಿದೆ. ಒಂದೇ ಉಸಿರಿನಲ್ಲಿ ಒಂದು ಪುಟದ ಸಂಭಾಷಣೆ ಹೇಳುತ್ತಾರೆ. ಅವರನ್ನು ವೇದಿಕೆಗೆ ಕರೆದು “ಒಂದು ಕಾಲದಲ್ಲಿ ಮೆರೆದ” ಅಂತ ಪರಿಚಯ ಮಾಡಿಕೊಡುತ್ತೀರಿ. ಆ “ಒಂದು ಕಾಲದಲ್ಲಿ” ಅನ್ನುವುದು ಕೇಳಿದಾಗ ಅವರ ಕತ್ತು ಸ್ವಲ್ಪ ಬಾಗುವುದನ್ನು ನಾನು ಕಂಡಿದ್ದೇನೆ. ದಯವಿಟ್ಟು ಆ ಮಾತು ಬಿಡಿ.

ಒಂದು ಹೊಸ ನಾಟಕ ಬಿದ್ದರೆ ಅದೇ ತಂಡವನ್ನು ಮುಂದಿನ ವರ್ಷ ಮತ್ತೆ ಕರೆಯಿರಿ. ಕರೆಯುವಾಗ ಹಳೇ ಹಿಟ್ ನಾಟಕವನ್ನೇ ತರಬೇಕು ಅಂತ ಷರತ್ತು ಹಾಕಬೇಡಿ. ಹಾಡುವವರಿಗೆ ಚೀಟಿ ಕಳಿಸಿ ಅದೇ ಎರಡು ಹಾಡು ಕೇಳುವ ಬದಲು, ಒಂದನ್ನು ಅವರ ಇಷ್ಟಕ್ಕೆ ಬಿಡಿ. ದುಡ್ಡಿನ ಮಾತು ಮೊದಲೇ ಆಡಿ, ಬಣ್ಣ ಒರೆಸುವ ಮುಂಚೆ ಕೈಗೆ ಕೊಡಿ. ಒಂದು ಉತ್ಸವದವರು ನನ್ನ ದುಡ್ಡನ್ನು ಎಂಟು ತಿಂಗಳು ತಡ ಮಾಡಿದರು, ಕಾರಣ ಕೇಳಿದರೆ “ನಾಟಕ ಅಷ್ಟೇನು ಓಡಲಿಲ್ಲಲ್ರಿ” ಅಂದರು. ನಾಟಕ ಓಡದಿದ್ದರೆ ಬಣ್ಣ ಹಚ್ಚಿದ್ದು ಸುಳ್ಳಾಗುತ್ತದೆಯೇ?

ನಮ್ಮಲ್ಲಿ ಸಂಜೆಗೊಂದು ಪ್ರಶಸ್ತಿ ಇದೆ. ಬಿದ್ದ ಕೃತಿಯನ್ನು ಕೂತು ಓದಿ, ತಿದ್ದಿ, ಇನ್ನೊಂದು ಸಲ ರಂಗಕ್ಕೆ ತರುವ ಒಂದು ಶಿಬಿರ ಇಲ್ಲ. ಒಂದು ಸನ್ಮಾನ ಸಮಾರಂಭದ ಶಾಮಿಯಾನ, ಊಟದ ಖರ್ಚಿನಲ್ಲಿ ಅಂಥ ಒಂದು ವಾರದ ಶಿಬಿರ ನಡೆಸಬಹುದು. ಮೂರು ನಾಟಕ ಸಾಕು. ಬರೆದವರನ್ನು, ಆಡಿದವರನ್ನು, ಎದ್ದುಹೋದ ಪ್ರೇಕ್ಷಕರಲ್ಲಿ ನಾಲ್ಕು ಜನರನ್ನು ಕೂಡಿಸಿ. ಯಾಕೆ ಎದ್ದುಹೋದಿರಿ ಅಂತ ಕೇಳಿ. ಅವರ ಉತ್ತರದಿಂದಲೇ ಎರಡನೇ ಅಂಕ ಸರಿಯಾಗಬಹುದು.

ಪ್ರೇಕ್ಷಕರೇ, ನಿಮಗೆ ಹಿಡಿಸದ ನಾಟಕವನ್ನು ಹಿಡಿಸಿತು ಅನ್ನಬೇಕಿಲ್ಲ. ಆಟ ಮುಗಿದ ಮೇಲೆ ಗ್ರೀನ್ ರೂಮಿನ ಬಾಗಿಲ ತನಕ ಬನ್ನಿ. ಇಂಥ ದೃಶ್ಯದಲ್ಲಿ ನನಗೆ ಬೇಸರ ಬಂತು, ಇಂಥ ಮಾತು ನೆನಪುಳಿಯಿತು ಅಂತ ಹೇಳಿ ಹೋಗಿ.

ಹೋದ ವಾರ ನಾನು ಆ ಹುಡುಗನ ಅಂಗಡಿಗೆ ಹೋಗಿದ್ದೆ. ಹುಡುಗ ಅನ್ನುತ್ತೇನೆ, ಕೆನ್ನೆಯ ಹತ್ತಿರ ಕೂದಲು ಬೆಳ್ಳಗಾಗಿದೆ. ಗಿರಾಕಿ ಕಡಿಮೆ ಆದಾಗ ಹೇಳಿದೆ. ಆವತ್ತು ಮಗ್ಗ ನಿಂತಾಗ ನಾನು ವಿಂಗ್‌ನಲ್ಲಿದ್ದೆ, ಕೈಯಲ್ಲಿದ್ದ ಕುಂಚ ಒಣಗಿತ್ತು, ಅದನ್ನು ನಿನಗೆ ಹೇಳದೆ ಬೇರೆ ಏನೋ ಹೇಳಿಬಿಟ್ಟೆ ಅಂದೆ. ಅವನು ಬಿಲ್ ಪುಸ್ತಕದ ಮೇಲೆ ಪೆನ್ನು ಇಟ್ಟು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಮುದುಕನ ಪಾತ್ರ ನಮ್ಮ ಮಾವಾರ ಅಪ್ಪಾರದರಿ” ಅಂದ. ಹಸ್ತಪ್ರತಿ ಇದೆಯಾ ಅಂತ ಕೇಳಿದೆ. “ಅಟ್ಟದ ಮ್ಯಾಲೆ ಇರಬೇಕ್ರಿ. ಗೆದ್ದಲ ಹತ್ತೈತೋ ಏನೋ ನೋಡ್ತೀನಿ” ಅಂದ.

ನಿನ್ನೆ ಫೋನ್ ಬಂತು. ಗೆದ್ದಲು ಹತ್ತಿಲ್ಲ. ಮಗಳ ಪಾತ್ರವನ್ನು ಇನ್ನೊಂದು ಸಲ ಬರೆಯಬೇಕು ಅನ್ನುತ್ತಿದ್ದಾನೆ.

ಯಾವುದಾದರೂ ತಂಡದವರು, ಸಂಘದವರು ಅದನ್ನು ಓದಿ ನೋಡುವುದಾದರೆ ಪ್ರತಿ ನಾನೇ ಝೆರಾಕ್ಸ್ ಮಾಡಿಸಿ ತಂದು ಕೊಡುತ್ತೇನೆ. ಆಡಿಸುವುದಾದರೆ ಬಣ್ಣದ ಖರ್ಚು ನನ್ನದು. ಆ ಗಡ್ಡವನ್ನೂ ಎತ್ತಿಟ್ಟಿದ್ದೇನೆ.

ನಿಮ್ಮವ,
ಬಣ್ಣದ ಪೆಟ್ಟಿಗೆಯವ, ಹುಬ್ಬಳ್ಳಿ